ಬೇಕರಿಯವರ ಕಂಪ್ಯೂಟರ್

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಗೆಳತಿಗೆ ಫೋನಿನಲ್ಲಿ ನಾನೊಂದು ಸುಳ್ಳು ಹೇಳಿದೆ. ಅವಳು, "ನಮ್ಮ ಆ ಕಂಪ್ಯೂಟರ್ ಇನ್ನೂ ಅದಾ?" ಅಂತ ಕೇಳಿದಳು. "ಅದೆ ಕಣಮ್ಮಿ, ಚೆನ್ನಾಗೇ ಅದೆ" ಅಂದೆ. ಅದನ್ನು ನಾನು ಕಣ್ಣಿಂದ ನೋಡಿ ಇಪ್ಪತ್ತು ವರ್ಷದ ಮೇಲಾಗಿತ್ತು.

ಅವಳ ಅಪ್ಪ ವಯನಾಡಿನಿಂದ ಬಂದು ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಬೇಕರಿ ಇಟ್ಟಿದ್ದರು. ನಮ್ಮ ಮನೆ ಅದರ ಹಿಂದಿನ ಬೀದಿಯಲ್ಲಿ. ಒಂದನೇ ಕ್ಲಾಸಿನಿಂದ ನಾವಿಬ್ಬರೂ ಒಂದೇ ಬೆಂಚು. ಪಿಯುಸಿ ಓದುತ್ತಿದ್ದ ವರ್ಷ ಅವಳ ಚಿಕ್ಕಪ್ಪ ಗಲ್ಫಿನಿಂದ ಬರುವಾಗ ಒಂದು ಕಂಪ್ಯೂಟರ್ ತಂದರು. ಈಗಿನ ಹಾಗೆ ಬೇರೆ ಪೆಟ್ಟಿಗೆಯಿಲ್ಲ, ಬೇರೆ ಪರದೆಯಿಲ್ಲ. ದಪ್ಪನೆಯ ಕೀಲಿಮಣೆಯೊಂದರ ಹೊಟ್ಟೆಯಲ್ಲೇ ಎಲ್ಲವೂ. ಟಿವಿಗೆ ಜೋಡಿಸಿ, ಬಲಗಡೆಯ ಸೀಳಿನಲ್ಲಿ ಅಂಗೈಯಗಲದ ಫ್ಲಾಪಿ ತೂರಿಸಿದರೆ ಕೆಲಸ ಶುರು. ನಮಗೆ ತಿಳಿದಂತೆ ಊರಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ.

ಚಿಕ್ಕಪ್ಪ ಅದನ್ನು ತಂದದ್ದು ಮಕ್ಕಳು ಆಟವಾಡಲಿ ಅಂತ. ಕೆಲಸಕ್ಕೆ ಹಚ್ಚಿದವರು ಅವಳ ಅಪ್ಪ. ಅವರು ಕನ್ನಡವನ್ನು ನಮ್ಮಷ್ಟೇ ಸರಾಗವಾಗಿ ಮಾತಾಡುತ್ತಿದ್ದರು, ಬರೆಯಲು ಮಾತ್ರ ಬರುತ್ತಿರಲಿಲ್ಲ. ಕೇಕಿನ ಮೇಲೆ ಇಂಗ್ಲಿಷ್ ಕಂಡರೆ ಹಳ್ಳಿಯಿಂದ ಬಂದವರು, "ಕನ್ನಡ್ದಲ್ಲಿ ಬರ್ಕೊಡಿ ಸಾಮಿ" ಅನ್ನುತ್ತಿದ್ದರು. ಒಮ್ಮೆ ತೆರಕಣಾಂಬಿಯ ದೊಡ್ಡ ಹಿಡುವಳಿಯವರೊಬ್ಬರ ಮೊಮ್ಮಗನಿಗೆ ಚೀಟಿ ನೋಡಿಕೊಂಡು ಬರೆದುಕೊಟ್ಟ ಕೇಕಿನಲ್ಲಿ ಒತ್ತಕ್ಷರಗಳೆಲ್ಲ ಹಾರಿಹೋಗಿ "ಹುಟುಹಬ" ಅಂತಾಗಿತ್ತು. ಕೇಕು ವಾಪಸು ಬರಲಿಲ್ಲ, ನಗು ಮಾತ್ರ ವಾರಗಟ್ಟಲೆ ಬಂತು.

ಅದಾದ ಮೇಲೆ ನಾವಿಬ್ಬರೂ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಪ್ರೋಗ್ರಾಮು ತೆರೆದು ಒಂದೊಂದೇ ಅಕ್ಷರವನ್ನು ಟಿವಿ ತುಂಬುವಷ್ಟು ದೊಡ್ಡದಾಗಿ ಬರೆದೆವು. ಕ್ರೀಮಿನ ಕೋನು ಎಲ್ಲಿಂದ ಹೊರಟು ಯಾವ ಕಡೆ ತಿರುಗಬೇಕು ಅನ್ನುವುದಕ್ಕೆ ಕೆಂಪು ಬಾಣ ಹಾಕಿದೆವು. ಅವಳ ಅಪ್ಪ ಟಿವಿಯ ಮುಂದೆ ಸ್ಟೂಲು ಹಾಕಿಕೊಂಡು, ಅಲ್ಯೂಮಿನಿಯಂ ತಟ್ಟೆಯ ಮೇಲೆ ಕ್ರೀಮು ಹಿಂಡಿ ಅಭ್ಯಾಸ ಮಾಡುತ್ತಿದ್ದರು. ಎರಡು ತಿಂಗಳಲ್ಲಿ ತಾವೇ ಮೌಸು ಹಿಡಿದು, ಕೇಕುಗಳ ಚಿತ್ರವನ್ನು ಮೊದಲು ಪರದೆಯ ಮೇಲೆ ಬರೆದು, ಗಿರಾಕಿಗಳಿಗೆ ತೋರಿಸಿ, ಆಮೇಲೆ ಮಾಡತೊಡಗಿದರು.

ಕೆಲವು ವರ್ಷಗಳ ನಂತರ ಅವರು ಬೇಕರಿ ಮುಚ್ಚಿ ವಯನಾಡಿಗೆ ಹೊರಟರು. ಸಾಮಾನು ತುಂಬಿದ ಲಾರಿಯಲ್ಲಿ ಒಡೆದುಹೋದೀತೆಂದು ಗೆಳತಿ ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. "ಎಲೆಕ್ಟ್ರಾನಿಕ್ಸ್ ಓದ್ತಿರೋಳು ನೀನು. ನಿನ್ನ ಹತ್ರ ಇದ್ರೆ ಉಳೀತದೆ" ಅಂದಳು. ನಾನು ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಚಾಮರಾಜನಗರಕ್ಕೆ ಬಂದು, ಕರೆಂಟಿನ ಮೀಟರುಗಳನ್ನು ಪರೀಕ್ಷಿಸುವ ಕೆಲಸಕ್ಕೆ ಸೇರಿದೆ. ಕಂಪ್ಯೂಟರ್ ತವರುಮನೆಯ ಅಟ್ಟದಲ್ಲೇ ಉಳಿಯಿತು.

ಈಗ ಅವಳು ವಯನಾಡಿನ ಬತ್ತೇರಿಯ ಶಾಲೆಯೊಂದರಲ್ಲಿ ಗಣಿತದ ಟೀಚರು. ಆ ಫೋನು ಬಂದಾಗ ಅವಳ ಅಪ್ಪ ತೀರಿಕೊಂಡು ಆರು ತಿಂಗಳಾಗಿತ್ತು. ಅಲಮಾರು ಖಾಲಿ ಮಾಡುವಾಗ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಹಳೆಯ ಫ್ಲಾಪಿಗಳು ಸಿಕ್ಕಿದ್ದವು. ಇವತ್ತಿನ ಕಂಪ್ಯೂಟರುಗಳಿಗೆ ಅವನ್ನು ಓದಲು ಬರುವುದಿಲ್ಲವೆಂದು ನಾಲ್ಕು ಕಡೆ ಕೇಳಿ ತಿಳಿದುಕೊಂಡ ಮೇಲೆ ನನಗೆ ಫೋನು ಮಾಡಿದ್ದಳು. "ಅಪ್ಪ ಬರ್ದಿದ್ದ ಕೇಕುಗಳು ಇದ್ರಲ್ಲೇ ಅವೆ. ಅಮ್ಮಂಗೆ ಒಂದ್ಸಲ ತೋರಿಸ್ಬೇಕು. ಕ್ರಿಸ್‌ಮಸ್ ರಜಕ್ಕೆ ಬರ್ತೀನಿ."

ಮುಂದಿನ ಭಾನುವಾರವೇ ನಾನು ಗುಂಡ್ಲುಪೇಟೆಗೆ ಹೋದೆ. ತಮ್ಮ ಏಣಿ ಹತ್ತಿ ಬೆಡ್‌ಶೀಟಿನ ಗಂಟನ್ನು ಇಳಿಸಿಕೊಟ್ಟ. "ಇದ್ಯಾಕಕ್ಕ ಈಗ? ಗುಜರಿಯವ್ನಿಗೆ ಕೊಟ್ಬುಡನ ಅಂತಿದ್ದೆ ಕಣಕ್ಕ" ಅಂದ. ಜಗುಲಿಯ ಮೇಲೆ ಕೂತು ತಿರುಪು ಬಿಚ್ಚಿ ಮುಚ್ಚಳ ಎತ್ತಿದೆ. ಒಣಮೀನಿನಂಥ ವಾಸನೆ ಮುಖಕ್ಕೆ ರಾಚಿತು.

ಒಳಗಿನ ಗಡಿಯಾರ ನಿಲ್ಲದಿರಲೆಂದು ಬೋರ್ಡಿಗೇ ಬೆಸುಗೆ ಹಾಕಿದ್ದ ಪುಟ್ಟ ಬ್ಯಾಟರಿಯೊಂದಿತ್ತು. ಅದು ಯಾವಾಗಲೋ ಒಡೆದು ಸೋರಿತ್ತು. ಸುತ್ತ ಅಂಗೈಯಗಲ ಜಾಗದಲ್ಲಿ ಬೋರ್ಡು ಪಾಚಿ ಕಟ್ಟಿದ ಹಾಗೆ ಹಸಿರಾಗಿತ್ತು. ಕೂದಲೆಳೆಯಂಥ ತಾಮ್ರದ ಗೆರೆಗಳು ಕೆಲವು ಕಡೆ ಕಪ್ಪಾಗಿ, ಕೆಲವು ಕಡೆ ಇಲ್ಲವೇ ಇಲ್ಲ. ಚಿಪ್ಪಿನ ಸಾಕೆಟ್ಟೊಂದರ ಕಾಲುಗಳ ಮೇಲೆ ನೀಲಿ ಹರಳು ಬೆಳೆದಿತ್ತು.

ರೇಡಿಯೊ ಎತ್ತಿಡುವ ಮುಂಚೆ ಸೆಲ್ ತೆಗೆದಿಡಿ ಅಂತ ಊರಿಗೆಲ್ಲ ಹೇಳುವವಳು ನಾನು. ನನ್ನನ್ನು ನಂಬಿ ಕೊಟ್ಟ ವಸ್ತುವಿನ ಮುಚ್ಚಳವನ್ನು ಒಂದು ಸಲವೂ ತೆರೆದು ನೋಡಿರಲಿಲ್ಲ. ತಮ್ಮ ಕಾಫಿ ತಂದಿಟ್ಟು, "ಓಯ್ತಾ?" ಅಂತ ಕೇಳಿದ.

"ಇಲ್ಲ. ಸರಿ ಮಾಡ್ತೀನಿ" ಅಂದೆ. ಯಾವ ಧೈರ್ಯದ ಮೇಲೆ ಅಂದೆನೋ ಗೊತ್ತಿಲ್ಲ. ಬ್ಯಾಟರಿಯನ್ನು ಅಲ್ಲೇ ಕತ್ತರಿಸಿ ತೆಗೆದು, ಮಿಕ್ಕಿದ್ದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಚಾಮರಾಜನಗರಕ್ಕೆ ತಂದೆ.

ಸೋರಿದ್ದು ಕ್ಷಾರ, ಅದಕ್ಕೆ ಹುಳಿಯೇ ಮದ್ದು. ನಮ್ಮ ಬೀದಿಯ ಗೋಬಿ ಮಂಚೂರಿ ಗಾಡಿಯವನ ಹತ್ತಿರ ಒಂದು ಲೋಟ ವಿನೆಗರ್ ಕೇಳಿ ತಂದೆ. ಚಿಪ್ಪುಗಳನ್ನೆಲ್ಲ ಕಿತ್ತು ಬೇರೆಯಿಟ್ಟು, ಹಲ್ಲುಜ್ಜುವ ಬ್ರಷ್ಷಿನಿಂದ ಬೋರ್ಡನ್ನು ಉಜ್ಜಿದಾಗ ನೊರೆಯೆದ್ದಿತು. ಆಮೇಲೆ ನೀರಿನಿಂದ ತೊಳೆದು, ಮೆಡಿಕಲ್ ಶಾಪಿನಲ್ಲಿ ಸಿಗುವ ಆಲ್ಕೊಹಾಲಿನಿಂದ ಒರೆಸಿ, ತಾರಸಿಯ ನೆರಳಿನಲ್ಲಿ ಎರಡು ದಿನ ಒಣಗಲು ಬಿಟ್ಟೆ. ಕೊಳೆ ಹೋದ ಮೇಲೆ ಗಾಯ ಇನ್ನೂ ಸ್ಪಷ್ಟವಾಗಿ ಕಂಡಿತು.

ನನ್ನ ಗಂಡ ಅದನ್ನು ನೋಡಿ, "ಫೋನ್ ಮಾಡಿ ನಿಜ ಹೇಳ್ಬುಡು, ಮುಗೀತದೆ" ಅಂದರು. ಅದು ನ್ಯಾಯವಾದ ಮಾತು. ಆದರೆ ಕೆಟ್ಟದ್ದನ್ನು ಮುಂದಿಟ್ಟುಕೊಂಡು ನಿಜ ಹೇಳುವ ಮನಸ್ಸು ನನಗಿರಲಿಲ್ಲ. "ಸರಿ ಮಾಡಿ ಹೇಳ್ತೀನಿ" ಅಂದೆ.

ಬೋರ್ಡಿನ ನಕ್ಷೆಯನ್ನು ಅಂತರ್ಜಾಲದಲ್ಲಿ ಹುಡುಕಿ, ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಗಳಿಗೆ ತೆಗೆಸಿ, ಊಟದ ಮೇಜಿಗೆ ಅಂಟಿಸಿದೆ. ಅಂದಿನಿಂದ ಮನೆಯಲ್ಲಿ ಎಲ್ಲರಿಗೂ ನೆಲದ ಮೇಲೆ ಊಟ. ಬೆಳಿಗ್ಗೆ ಆರಕ್ಕೆ ಎದ್ದು, ಆಫೀಸಿಗೆ ಹೊರಡುವವರೆಗೆ ಕಿಟಕಿಯ ಬೆಳಕಿನಲ್ಲಿ ಕೆಲಸ. ಓದುವ ಕನ್ನಡಕದ ಮೇಲೆ ಭೂತಗನ್ನಡಿ. ಮಲ್ಟಿಮೀಟರಿನ ಒಂದು ಮೊನೆ ಗೆರೆಯ ಈ ತುದಿಗೆ, ಇನ್ನೊಂದು ಮೊನೆ ಆ ತುದಿಗೆ. ಬೀಪ್ ಅಂದರೆ ಗೆರೆ ಬದುಕಿದೆ, ಸದ್ದಿಲ್ಲದಿದ್ದರೆ ಸತ್ತಿದೆ. ನಕ್ಷೆಯಲ್ಲಿ ಸತ್ತ ಗೆರೆಗಳ ಮೇಲೆ ಕೆಂಪು ಪೆನ್ನು ಎಳೆಯುತ್ತ ಹೋದೆ. ಅಷ್ಟು ತೆಳ್ಳನೆಯ ತಂತಿ ಅಂಗಡಿಯಲ್ಲಿ ಸಿಗಲಿಲ್ಲ. ಚಕ್ರ ತಿರುಗುವ ಹಳೆಯ ಕಾಲದ ಕರೆಂಟು ಮೀಟರೊಂದು ನಮ್ಮ ಮನೆಯಲ್ಲೇ ಬಿದ್ದಿತ್ತು, ಅದರ ಸುರುಳಿ ಬಿಚ್ಚಿದೆ. ಒಂದು ತಂತಿ ಹಾಕಲು ಒಂದು ಬೆಳಿಗ್ಗೆ ಬೇಕಾಗುತ್ತಿತ್ತು. ಕೊಳೆತ ಸಾಕೆಟ್ಟನ್ನು ಕಿತ್ತು ಹೊಸದು ಕೂರಿಸುವಾಗ ಕಾವು ಹೆಚ್ಚಾಗಿ, ಚೆನ್ನಾಗಿದ್ದ ಬೆಸುಗೆಯ ಬಿಂದುವೊಂದು ತಾಮ್ರದ ಸಮೇತ ಎದ್ದುಬಂತು. ಅದು ಬ್ಯಾಟರಿಯ ತಪ್ಪಲ್ಲ, ನನ್ನದು. ಆ ದಿನ ಕೆಲಸ ನಿಲ್ಲಿಸಿ ಆಫೀಸಿಗೆ ನಡೆದೇ ಹೋದೆ. ಮರುದಿನ ಅಲ್ಲಿಗೂ ಒಂದು ತಂತಿ ಹಾಕಿದೆ.

ಪರೀಕ್ಷಿಸಲು ಹಳೆಯ ದಪ್ಪ ಟಿವಿ ಬೇಕಿತ್ತು. ಕುದೇರಿನಿಂದ ದಿನಾ ಬಂದು ನಮ್ಮೂರಿನಲ್ಲಿ ರಿಪೇರಿ ಅಂಗಡಿ ನಡೆಸುವ ಮೆಕಾನಿಕ್ ಒಬ್ಬರ ಹತ್ತಿರ ಅದಿತ್ತು. ಅರವತ್ತು ದಾಟಿದ ಅವರು ಬೋರ್ಡನ್ನು ಮೂಗಿನ ಹತ್ತಿರ ಹಿಡಿದು, "ಇದ್ರ ಕತೆ ಮುಗೀತು ಕಣಮ್ಮ, ಬುಟ್ಬುಡಿ" ಅಂದರು.

"ಟಿವಿ ಒಂದ್ ಕೊಡಿ ಸಾಕು. ಬುಡೋದು ನಾನು ನೋಡ್ಕತೀನಿ."

ಅವರು ನಕ್ಕು ಮೂಲೆಯ ಟಿವಿಯ ಮೇಲಿದ್ದ ಡಬ್ಬಗಳನ್ನು ಇಳಿಸಿದರು. ಮೊದಲ ಸಲ ಸ್ವಿಚ್ಚು ಒತ್ತಿದಾಗ ಪರದೆ ಕಪ್ಪಗೇ ಇತ್ತು. ಮತ್ತೆ ಹತ್ತು ದಿನ ಕೆಲಸ. ಎರಡನೇ ಸಲ ಪರದೆ ಪೂರ್ತಿ ಹಸಿರಾಯಿತು. ಮೆಕಾನಿಕ್ಕು ಹಾಳಾಯಿತು ಅಂದುಕೊಂಡರು, ನಾನು ಕುರ್ಚಿಯಿಂದ ಎದ್ದುನಿಂತೆ. ಹಸಿರು ಅಂದರೆ ಯಂತ್ರ ಎಚ್ಚರವಾಗಿದೆ, ತನ್ನ ನೆನಪಿನ ಚಿಪ್ಪು ಕೈಗೆ ಸಿಗುತ್ತಿಲ್ಲವೆಂದು ಹೇಳುತ್ತಿದೆ. ಸತ್ತಿದ್ದರೆ ಅಷ್ಟೂ ಹೇಳುತ್ತಿರಲಿಲ್ಲ. ಅವರಿಗೆ ಅದನ್ನು ವಿವರಿಸಿದೆ. "ಅಂಗಾರೆ ತಕ್ಕೋಗಿ ಟಿವಿಯ. ನಿಮ್ಮನೇಲೇ ಇರ್ಲಿ" ಅಂದರು.

ಆದರೆ ಹಸಿರಿನಿಂದ ಮುಂದಕ್ಕೆ ಹೋಗಲಾಗಲಿಲ್ಲ. ಕೆಂಪು ಪೆನ್ನು ಹಾಕಿದ ಗೆರೆಗಳಿಗೆಲ್ಲ ತಂತಿ ಬಿದ್ದಿತ್ತು. ತಂತಿ ಹಾಕಿದ ಕಡೆಯೆಲ್ಲ ಬೀಪ್ ಅನ್ನುತ್ತಿತ್ತು. ಪರದೆ ಮಾತ್ರ ಹಸಿರೇ. ಮೂರು ವಾರ ಹಾಗೆಯೇ ಕಳೆಯಿತು.

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಗೆಳತಿ ನಿಂತಿದ್ದಳು, ಕೈಯಲ್ಲಿ ಬಿಸ್ಕತ್ತಿನ ಡಬ್ಬಿ. ರಜಕ್ಕೆ ಇನ್ನೂ ಒಂದು ವಾರವಿತ್ತು. ಮೈಸೂರಿನ ಮದುವೆಯೊಂದಕ್ಕೆ ಹೊರಟವಳು, ವಾಪಸು ಬರುವಾಗ ನನಗೆ ಕೊಡೋಣವೆಂದು ಡಬ್ಬಿಯನ್ನು ಜೊತೆಗಿಟ್ಟುಕೊಂಡಿದ್ದಳು; ದಾರಿಯಲ್ಲಿ ಮನಸ್ಸು ತಡೆಯದೆ ಗುಂಡ್ಲುಪೇಟೆಯಲ್ಲೇ ಬಸ್ಸು ಬದಲಿಸಿ ಬಂದುಬಿಟ್ಟಿದ್ದಳು. ಮೇಜಿನ ಮೇಲೆ ಬೋರ್ಡು ಬಿಚ್ಚಿಕೊಂಡು ಬಿದ್ದಿತ್ತು, ಬೆನ್ನ ಮೇಲೆ ಹೊಲಿಗೆ ಹಾಕಿದ ಹಾಗೆ ತಂತಿಗಳು. ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ನಾನು ಸುಳ್ಳು ಹೇಳ್ದೆ ಕಣಮ್ಮಿ" ಅಂದೆ. "ಅವತ್ತು ನೋಡ್ದೇನೆ ಚೆನ್ನಾಗಿದೆ ಅಂದುಬುಟ್ಟೆ. ತೆಗೆದು ನೋಡಿದ್ರೆ ಹಿಂಗಾಗಿತ್ತು. ನೀನು ನಂಬಿ ಕೊಟ್ಟೆ, ನಾನು ಒಂದಿನವೂ ನೋಡ್ಲಿಲ್ಲ."

ಅವಳು ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಬೋರ್ಡನ್ನೇ ನೋಡುತ್ತಿದ್ದಳು. ಅವಳ ಮುಖ ಕೆಂಪಾಯಿತು. "ಫೋನಲ್ಲೇ ಹೇಳ್ಬೇಕಿತ್ತು ನೀನು. ನಾನು ಅಮ್ಮಂಗೆ ಆಸೆ ಹುಟ್ಟಿಸ್ಬುಟ್ಟಿದೀನಿ" ಅಂದಳು. ನಾನು ಅಡುಗೆಮನೆಗೆ ಹೋಗಿ ಟೀ ಇಟ್ಟೆ. ಟೀ ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು.

ಹೊರಗೆ ಬಂದಾಗ ಅವಳು ಕುರ್ಚಿ ಎಳೆದುಕೊಂಡು ಕೂತು ನಕ್ಷೆಯ ಹಾಳೆಗಳನ್ನು ಬೆರಳಿಟ್ಟು ಓದುತ್ತಿದ್ದಳು, ಮಕ್ಕಳ ಉತ್ತರಪತ್ರಿಕೆ ತಿದ್ದುವ ಹಾಗೆ.

"ಈ ಕೆಂಪು ಗೆರೆ ಏನು?"

"ತುಂಡಾಗಿದ್ದವು. ಸರಿ ಮಾಡಿರೋದು."

"ಕೆಂಪಿಲ್ದೆ ಇರೋವು?"

"ಅವು ಚೆನ್ನಾಗವೆ. ಆ ಕಡೆಗೆ ಬ್ಯಾಟರಿ ರಸ ಬಂದೇ ಇಲ್ಲ."

"ನೋಡಿದೀಯಾ?"

ನಾನು ಮೀಟರಿನ ಮೊನೆಗಳನ್ನು ಕೈಗೆ ತೆಗೆದುಕೊಂಡೆ. ಕೊಳೆತ ಜಾಗವನ್ನು ನೂರು ಸಲ ನೋಡಿದ್ದೆ. ಹೊಳೆಯುತ್ತಿದ್ದ ಜಾಗವನ್ನು ಒಂದು ಸಲವೂ ಮುಟ್ಟಿರಲಿಲ್ಲ.

"ಎಡೀ, ಮತ್ತೆ ನೋಡ್ದೇನೆ ಚೆನ್ನಾಗಿದೆ ಅಂತೀಯಲ್ಲ!" ಅಂದಳು. ಮಲಯಾಳದ ಆ 'ಎಡೀ', ಅಂದರೆ 'ಏ ಇವಳೇ', ಬೈಗುಳವೇ, ಆದರೆ ಮಾತಿನ ಕೊನೆಯಲ್ಲಿ ನಗು ಇತ್ತು. ಮದುವೆಮನೆಗೆ ಫೋನು ಮಾಡಿ ಬರುವುದಿಲ್ಲವೆಂದು ಹೇಳಿ, ಸೀರೆಯ ಸೆರಗು ಸಿಕ್ಕಿಸಿಕೊಂಡಳು.

ಅವಳು ನಕ್ಷೆ ಓದಿ ಎರಡು ತುದಿಗಳನ್ನು ಹೇಳುವುದು, ನಾನು ಮೊನೆಯಿಡುವುದು. ಬೀಪ್. ಬೀಪ್. ಬೀಪ್. ಮಧ್ಯಾಹ್ನದ ಊಟವಾಗಿ ಮತ್ತೆ ಕೂತೆವು. ನಾಲ್ಕು ಗಂಟೆಯ ಸುಮಾರಿಗೆ ಒಂದು ಕಡೆ ಸದ್ದು ಬರಲಿಲ್ಲ. ಮೊನೆ ಜಾರಿತೆಂದುಕೊಂಡು ಮತ್ತೆ ಇಟ್ಟೆ. ಸದ್ದಿಲ್ಲ. ಬ್ಯಾಟರಿಯಿಂದ ಒಂದು ಗೇಣು ದೂರದಲ್ಲಿ, ಬೋರ್ಡಿನ ಈ ಮುಖದಿಂದ ಆ ಮುಖಕ್ಕೆ ಹಾಯುವ ಸೂಜಿಮೊನೆಯಂಥ ತೂತು. ಹೊರಗಿನಿಂದ ಥಳಥಳ ಅನ್ನುತ್ತಿತ್ತು. ರಸ ಒಳಗೇ ಇಳಿದು ತೂತಿನ ಗೋಡೆಯನ್ನು ತಿಂದುಹಾಕಿತ್ತು. ಅದರೊಳಗೆ ಒಂದು ಎಳೆ ತಂತಿ ತೂರಿಸಿ ಎರಡೂ ಕಡೆ ಬೆಸುಗೆ ಹಾಕಿದೆ.

ಸ್ವಿಚ್ಚು ಅವಳೇ ಒತ್ತಿದಳು. ಪರದೆ ಬೂದಾಯಿತು, ಬಿಳಿಯಾಯಿತು, ಆಮೇಲೆ ಫ್ಲಾಪಿ ಹಾಕು ಎಂದು ಕೇಳುವ ಚಿತ್ರ ಮೂಡಿತು. ನಾವು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಹಾವು ಬಂತೇನೋ ಅಂತ ಇಣುಕಿದರು.

ಹನ್ನೊಂದು ಫ್ಲಾಪಿಗಳಲ್ಲಿ ಹೆಚ್ಚಿನವಕ್ಕೆ ಬೂಷ್ಟು ಹಿಡಿದಿತ್ತು. ನಿಧಾನವಾಗಿ ಒರೆಸಿ ಒಂದೊಂದೇ ಹಾಕಿದೆವು. ಕರಕರ ಸದ್ದು ಮಾಡಿ ನಾಲ್ಕು ಮಾತ್ರ ತೆರೆದುಕೊಂಡವು. ಅದೃಷ್ಟಕ್ಕೆ ಚಿತ್ರ ಬರೆಯುವ ಪ್ರೋಗ್ರಾಮು ಅವುಗಳಲ್ಲೊಂದರಲ್ಲಿತ್ತು. ಅವಳ ಅಪ್ಪನ ಕೇಕುಗಳು ಒಂದಾದ ಮೇಲೊಂದು ಬಂದವು: ಮೂರಂತಸ್ತಿನದು, ಗಡಿಯಾರದ ಆಕಾರದ್ದು, ಟ್ರ್ಯಾಕ್ಟರಿನ ಆಕಾರದ್ದು. ಕೊನೆಯದರಲ್ಲಿ ಕೇಕು ಇರಲಿಲ್ಲ. ಪರದೆ ತುಂಬ ನಡುಗುವ ಗೆರೆಗಳಲ್ಲಿ ಅವಳ ಅಮ್ಮನ ಹೆಸರು, ಕನ್ನಡದಲ್ಲಿ, ಏಳೆಂಟು ಸಲ ಬರೆದಿತ್ತು. ಅದನ್ನು ನಾವಿಬ್ಬರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ತಾವೇ ಅಕ್ಷರ ಜೋಡಿಸಿಕೊಂಡಿದ್ದರು. ಒತ್ತಕ್ಷರ ಸರಿಯಾಗಿತ್ತು.

ಗೆಳತಿ ಅತ್ತಳು. ನಾನು ಅವಳ ಪಕ್ಕದಲ್ಲಿ ಕೂತಿದ್ದೆ.

ಮರುದಿನ ಕಂಪ್ಯೂಟರನ್ನು ಅವಳೇ ತೆಗೆದುಕೊಂಡು ಹೋದಳು. ಮೆಕಾನಿಕ್ಕು ನಮ್ಮ ಮನೆಯಲ್ಲಿದ್ದ ತಮ್ಮ ಟಿವಿಯನ್ನೂ ಅವಳಿಗೇ ಕೊಟ್ಟು, ಎಲ್ಲವನ್ನೂ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ತಾವೇ ಕೂರಿಸಿದರು. "ಅಳ್ಳಗಿಳ್ಳ ನೋಡ್ಕಂಡ್ ಓಡ್ಸಪ್ಪ" ಅಂತ ಡ್ರೈವರಿಗೆ ಮೂರು ಸಲ ಹೇಳಿದರು.

ಅವಳ ಅಮ್ಮ ಆ ಹೆಸರಿನ ಚಿತ್ರವನ್ನು ನೋಡಿ, ಸಂಜೆಯವರೆಗೆ ಟಿವಿ ಆರಿಸಲು ಬಿಡಲಿಲ್ಲವಂತೆ. ಉಳಿದ ಏಳು ಫ್ಲಾಪಿಗಳು ನನ್ನ ಹತ್ತಿರವೇ ಇವೆ. ಅವುಗಳ ಒಳಗಿನ ತೆಳು ತಟ್ಟೆಯನ್ನು ಹೊರತೆಗೆದು, ತೊಳೆದು, ಬೇರೆ ಕವಚಕ್ಕೆ ಹಾಕಿದರೆ ಅವಳ ಮನೆಯ ಕಂಪ್ಯೂಟರಿನಲ್ಲಿ ಕೆಲವಾದರೂ ಓದಲು ಬಂದಾವು. ಬೆಳಿಗ್ಗೆ ಆರಕ್ಕೆ ಏಳುವ ಅಭ್ಯಾಸ ಹಾಗೇ ಇದೆ. ನಿನ್ನೆ ಮೊದಲನೆಯದನ್ನು ಬಿಚ್ಚಿದೆ.