ಒಳಬದಿ ಸವೆದ ಚಪ್ಪಲಿ

ಚಪ್ಪಲಿಯ ಹಿಮ್ಮಡಿ ಯಾವ ಬದಿಗೆ ಸವೆಯುತ್ತದೆಂದು ನೀವು ಎಂದಾದರೂ ತಿರುಗಿಸಿ ನೋಡಿದ್ದೀರಾ? ನಾನಂತೂ ನೋಡಿರಲಿಲ್ಲ. ಪುಣೆಯ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕರಿಹಲಗೆಯ ಮುಂದೆ ನಿಂತು ಗಣಿತ ಕಲಿಸಿದ ನನಗೆ, ಬೆಳಗ್ಗೆ ಹಾಸಿಗೆಯಿಂದಿಳಿದು ಊರುವ ಮೊದಲ ಹೆಜ್ಜೆಗೇ ಹಿಮ್ಮಡಿಯಲ್ಲಿ ಮೊಳೆ ಚುಚ್ಚಿದಂತಾಗುವುದು ತಲೆಯ ಬಿಳಿಗೂದಲಿನಷ್ಟೇ ಸಹಜವೆನಿಸಿಬಿಟ್ಟಿತ್ತು.

ನೋಡಿದವರು ನನ್ನ ಅತ್ತೆ. ಬೆಳಗಾವಿ ಕಡೆಯವರು, ಎಪ್ಪತ್ತೆಂಟು ವರ್ಷ. ನನ್ನ ಅಡುಗೆಯನ್ನು ಹೊಗಳಿದವರಲ್ಲ, ತೆಗಳಿದವರೂ ಅಲ್ಲ. ಕೆಲವು ವರ್ಷಗಳಿಂದ ಮನೆಯ ಮೆಟ್ಟಿಲಿಳಿಯುವುದನ್ನೇ ಬಿಟ್ಟಿದ್ದರು. ಮುಪ್ಪಿನ ಮೊಣಕಾಲು ನೋವೆಂದು ನಾವು ಸುಮ್ಮನಿದ್ದೆವು. ಒಂದು ಭಾನುವಾರ ಬಾಗಿಲ ಬಳಿ ಕುಳಿತು ನನ್ನ ಚಪ್ಪಲಿಯನ್ನು ಹೊರಳಿಸಿ ನೋಡುತ್ತಿದ್ದರು.

"ಒಳಗಿನ ಕಡೀನ ಸವದದ ನೋಡು. ಮುಂಜಾನಿ ನೀ ಗ್ವಾಡಿ ಹಿಡದು ನಡಿಯೋದು ದಿನಾ ನೋಡ್ತೀನಿ. ನನಗೂ ಹಿಂಗ ಸುರು ಆಗಿತ್ತು."

"ಒಮ್ಮೆನೂ ಹೇಳಲಿಲ್ಲಲ್ರಿ ಅತ್ತಿ."

"ಕಾಲು ನೋಯೋದು ಒಂದು ಬ್ಯಾನಿ ಅಂತ ಯಾರು ತಿಳೀತಿದ್ರು? ನೀ ಹಂಗ ಮುಚ್ಚಿಡಬ್ಯಾಡ. ನಾಳೆನ ತೋರಿಸು."

"ನೀವೂ ಬರ್ರಿ. ಬಂದ್ರ ಹೋಗ್ತೀನಿ."

ಅವರೊಂದಿಗೆ ನಾನು ಹಟ ಮಾಡಿದ್ದು ಅದೇ ಮೊದಲು. ರಿಕ್ಷಾದಲ್ಲಿ ಜೊತೆಯಾಗಿ ಹೋದೆವು. ಇಬ್ಬರನ್ನೂ ಪರೀಕ್ಷಿಸಿದ ವೈದ್ಯರು ಚಪ್ಪಲಿಯೊಳಗೆ ಪಾದಕ್ಕೆ ಆಸರೆಯಾಗುವ ಮೆತ್ತೆ ಬೇಕೆಂದು, ಅದನ್ನು ತಯಾರಿಸುವ ಮರಾಠಿ ಹೆಣ್ಣುಮಗಳೊಬ್ಬಳ ಬಳಿ ಕಳಿಸಿದರು. ಆಕೆ ನೆಲಕ್ಕೆ ಕುಳಿತು ಅತ್ತೆಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡಾಗ ಅವರು ಸಂಕೋಚದಿಂದ ಕಾಲೆಳೆದುಕೊಂಡರು; ಆಕೆ ನಕ್ಕು, "ಆಜಿ, ಇದೇ ನನ್ನ ಕೆಲಸ" ಎಂದು ಮರಾಠಿಯಲ್ಲಿ ಹೇಳಿ, ಮತ್ತೆ ಮೆಲ್ಲನೆ ಹಿಡಿದುಕೊಂಡಳು. ಮೆದುವಾದ ಸ್ಪಂಜಿನ ಮೇಲೆ ಒತ್ತಿ ತೆಗೆದ ನಮ್ಮಿಬ್ಬರ ಅಚ್ಚುಗಳು ಅಕ್ಕಪಕ್ಕ ಕುಳಿತವು. ಅಂಗಾಲಿನ ನಡುವೆ ಇರಬೇಕಾದ ಕಮಾನು ಎರಡರಲ್ಲೂ ಇಲ್ಲ. ರಕ್ತಸಂಬಂಧವಿಲ್ಲದ ಎರಡು ಜೀವಗಳ ಪಾದಗಳು ಒಂದೇ ತಾಯಿಯ ಮಕ್ಕಳಂತಿದ್ದವು.

"ಲಗ್ನದಾಗ ಜಾತಕಾ ಕೂಡಿಸಿದ್ವಿ," ಅಂದರು ಅತ್ತೆ, "ಕಾಲು ಕೂಡಿಸಿ ನೋಡಿರಲಿಲ್ಲ."

ಮೊದಲ ವಾರ ಆ ಮೆತ್ತೆ ಪರರ ಪಾದರಕ್ಷೆ ತೊಟ್ಟಂತೆ ಒತ್ತುತ್ತಿತ್ತು. ವೈದ್ಯರು ಹೇಳಿಕೊಟ್ಟ, ಮೀನಖಂಡ ಸಡಿಲಿಸುವ ವ್ಯಾಯಾಮವನ್ನೂ ಬಿಡದೆ ಮಾಡಿದೆ. ಎರಡು ತಿಂಗಳಲ್ಲಿ ನನ್ನ ಮುಂಜಾವುಗಳು ಹಗುರಾದವು. ಅತ್ತೆಯ ಮೊಣಕಾಲು ಪೂರ್ತಿ ವಾಸಿಯಾಗಲಿಲ್ಲ, ಆಗದೆಂದು ವೈದ್ಯರು ಮೊದಲೇ ಹೇಳಿದ್ದರು. ಆದರೂ ಒಂದು ಸಂಜೆ, "ಕಾಯಿಪಲ್ಯಾ ತರೋಣು ನಡಿ" ಎಂದು ಎದ್ದರು.

ದಾರಿಯಲ್ಲಿ ಎರಡು ಕಡೆ ಕುಳಿತು ಸುಧಾರಿಸಿಕೊಂಡರು. ಸಂತೆಯಲ್ಲಿ ಬದನೆಕಾಯಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ತೊಟ್ಟು ಮುಟ್ಟಿ, ಮಾರುವವಳು ಅವಸರಿಸಿದರೂ ಕಿವಿಗೊಡದೆ ಆರಿಸಿದರು. ನಾನು ಚೀಲಕ್ಕೆ ಕೈ ಚಾಚಿದೆ.

"ಇರಲಿ, ನಾನ ಹಿಡೀತೀನಿ."

ತನ್ನ ನೋವನ್ನು ಯಾರೂ ಕೇಳದಿದ್ದರೂ ನನ್ನದನ್ನು ಕಂಡುಹಿಡಿದ ಆ ಜೀವಕ್ಕೆ ಏನೆಂದು ಹೇಳಲಿ? ಅವರು ಮುಂದೆ ನಡೆದರು. ಆ ನಡಿಗೆಯನ್ನು ಕಣ್ತುಂಬ ನೋಡಲೆಂದು ನಾನು ಬೇಕೆಂದೇ ಎರಡು ಹೆಜ್ಜೆ ಹಿಂದುಳಿದೆ.