ಧೂಳಿನಿಂದ ಹುಟ್ಟಿದ ಗ್ರಹಗಳಿಗೆ ಸೊನ್ನೆ ಅಂಕ

ಪಠ್ಯಪುಸ್ತಕ ಹಳೆಯದಾಯಿತು; ಅದಕ್ಕೆ ದಂಡ ತೆತ್ತವಳು ಚಾಮರಾಜಪೇಟೆಯ ಶಾರದೆ.

ಶಾರದೆ ನಮ್ಮ ಬೀದಿಯ ಜವಳಿ ವರ್ತಕರ ಮಗಳು. ಈ ವರ್ಷದ ಎಸ್.ಎಸ್.ಎಲ್.ಸಿ.ಯಲ್ಲಿ, ವಿಜ್ಞಾನಕ್ಕೆ ಮೂರು ಅಂಕ ಸಾಲದೆ ಫೇಲಾದಳು.

ನಾನು ಒಂಟಿಯಾಗಿರುವವಳು, ವಿಜ್ಞಾನ ಕಲಿಸುವವಳು (ಅವಳ ಶಾಲೆಯಲ್ಲಲ್ಲ). ಭಾನುವಾರ ಮಧ್ಯಾಹ್ನ ಅವಳು ನನ್ನ ಕೋಣೆಗೆ ಬರುತ್ತಿದ್ದಳು. ಅಂಚೆಯಲ್ಲಿ ಬರುವ ವಿಜ್ಞಾನ ಪತ್ರಿಕೆಯ ಹಾಳೆಗಳು ಅಂಚಿನಲ್ಲಿ ಕೂಡಿಕೊಂಡಿರುತ್ತವೆ; ಅವನ್ನು ಅಡಿಕೋಲಿನಿಂದ ಬಿಡಿಸಿ ಗಟ್ಟಿಯಾಗಿ ಓದುವುದು ಅವಳ ಕೆಲಸ.

ಗ್ರಹಗಳ ಹುಟ್ಟಿನ ಬಗ್ಗೆ ಪಠ್ಯ ಹೇಳುವುದೇನು? ಎಲ್ಲಿಂದಲೋ ಬಂದ ನಕ್ಷತ್ರವೊಂದು ಸೂರ್ಯನ ಬಳಿ ಹಾದುಹೋಯಿತು. ಅದು ಸೂರ್ಯನಿಂದ ಸೆಳೆದ ಬಿಸಿ ಅನಿಲವೇ ಗ್ರಹಗಳಾಯಿತು. ಆದರೆ ಅಂಥ ಅನಿಲ ಗಟ್ಟಿಯಾಗುವ ಮೊದಲೇ ಚೆದುರಿಹೋಗುತ್ತದೆ ಎಂದು ವಿಜ್ಞಾನಿಗಳು ತೋರಿಸಿದ್ದಾರೆ. ಎಳೆಯ ಸೂರ್ಯನ ಸುತ್ತ ಸುತ್ತುತ್ತಿದ್ದ ಅನಿಲ, ಧೂಳಿನ ಮೋಡವೇ ಕಣಕಣವಾಗಿ ಕೂಡಿ ಗ್ರಹಗಳಾಗಿರಬೇಕು ಎಂಬುದು ಆ ಪತ್ರಿಕೆಯಲ್ಲಿ ಅವಳು ಓದಿದ ಈಗಿನ ವಾದ.

"ನಕ್ಷತ್ರ ಹತ್ರ ಬರೋದು ಅಪರೂಪ. ಧೂಳಾದ್ರೆ ಎಲ್ಲಾ ಕಡೆ ಇರತ್ತೆ" ಎಂದಳು ಶಾರದೆ. "ಹಾಗಾದ್ರೆ ನಾವೊಬ್ರೇ ಅಲ್ಲ, ಅಲ್ವಾ ಅಕ್ಕ?"

ಪರೀಕ್ಷೆಯಲ್ಲಿ ಗ್ರಹಗಳು ಹುಟ್ಟಿದ್ದು ಹೇಗೆಂಬ ಪ್ರಶ್ನೆಯೇ ಬಂತು. ಅವಳು ಪಠ್ಯದ ಉತ್ತರ ಬಿಟ್ಟು ಧೂಳಿನದನ್ನು ಬರೆದಳು. ಸೊನ್ನೆ.

ಮೊದಲ ತಪ್ಪು ನನ್ನದು. "ನಿಜ ಅನ್ನಿಸಿದ್ದನ್ನೇ ಬರಿ" ಎಂದಿದ್ದೆ. ಮಾದರಿ ಉತ್ತರಕ್ಕೆ ಹೊಂದದ ಸಾಲಿಗೆ ಅಂಕವಿಲ್ಲ ಎಂಬುದು ನನಗೆ ತಿಳಿಯದ ವಿಷಯವೇ?

ಎರಡನೆಯದು ಪರೀಕ್ಷಕರದು. ಬಸವನಗುಡಿಯ ಆ ಮೇಷ್ಟ್ರು ಈ ಉತ್ತರವನ್ನು ತಮಾಷೆಯಾಗಿ ನಾಲ್ಕು ಜನರ ಮುಂದೆ ಹೇಳಿದ್ದರು; ಸುದ್ದಿ ನನಗೆ ಮುಟ್ಟಿತು. ಹೋಗಿ ಕೇಳಿದೆ.

"ಪೂರ್ತಿ ಓದಿದ್ರಾ?"

"ಓದ್ದೆ ಮೇಡಂ. ಸೊಗಸಾಗಿ ಬರ್ದಿದಾಳೆ. ಸೊನ್ನೆ ಹಾಕೋಕೆ ಸಂಕಟ ಆಯ್ತು."

"ಆದ್ರೂ ಹಾಕಿದ್ರಿ."

"ಮೇಲಿಂದ ಬಂದ ಉತ್ತರದಲ್ಲಿ ಧೂಳಿಲ್ವಲ್ಲ."

ಮೂರನೆಯದು ತಂದೆಯದು. ಅಂಗಡಿಯಲ್ಲಿ ಗಜಕೋಲು ಕೆಳಗಿಡದೆಯೇ ಅವರೆಂದರು: "ಅಮ್ಮಾವ್ರೇ, ಪಾಸಾದ್ರೆ ಕಾಲೇಜು ಅಂದಿದ್ದೆ. ಆಗ್ಲಿಲ್ಲ. ತುಮಕೂರಲ್ಲಿ ಅವಳ ಸೋದರತ್ತೆ ಗಂಡು ನೋಡಿದಾರೆ. ನೀವು ಬುದ್ಧಿವಂತ್ರು, ಒಬ್ರೇ ಇರ್ತೀರಿ. ನಮಗೆ ಹಾಗಾಗತ್ಯೇ?"

ಶಾರದೆಯನ್ನು ಆಗಲೇ ತುಮಕೂರಿಗೆ ಕಳಿಸಿದ್ದರು. ಈ ತಿಂಗಳ ಪತ್ರಿಕೆ ಬಂದಿದೆ. ಹಾಳೆ ಬಿಡಿಸಿಲ್ಲ. ಗಟ್ಟಿಯಾಗಿ ಓದಿದರೆ ಕೇಳುವವರು ಯಾರು?

ತಂದೆಯನ್ನು ಮತ್ತೆ ಕಂಡೆ. ಪಾಸೆಂಬ ಕಾಗದ ಬಂದರೆ ತಮ್ಮ ಮಾತು ಮಾತೇ ಎಂದಿದ್ದಾರೆ. ಮೂರು ಅಂಕ, ಅವಳು ಬರೆದ ಪುಟದಲ್ಲೇ ಇವೆ.

ಪರೀಕ್ಷಾ ಮಂಡಳಿಯ ಅಧಿಕಾರಿಗಳೇ, ಕಾಲೇಜಿನ ಪ್ರವೇಶ ಮುಗಿಯುವ ಮುನ್ನ ಆ ಒಂದು ಪುಟವನ್ನು ಖಗೋಳ ವಿಜ್ಞಾನ ಬಲ್ಲವರಿಂದ ಓದಿಸಿ, ಅಂಕ ಕೊಡಿ.