ಸರ್ ಶೀಕರಣಿ ಉಂಡ ಬೇಸಿಗೆ

ಸೂಜಿಯ ಕಣ್ಣು ತೀರ ಸಣ್ಣದಿತ್ತು. ದಾರದ ತುದಿ ಎರಡು ಎಳೆಯಾಗಿ ಬಿಚ್ಚಿಕೊಂಡಿತ್ತು. ಅದನ್ನು ನಾಲಿಗೆಗೆ ತಾಗಿಸಿ, ಬೆರಳುಗಳ ನಡುವೆ ಹೊಸೆದು, ಕನ್ನಡಕವನ್ನು ಮೂಗಿನ ಮೇಲಕ್ಕೆ ಸರಿಸಿಕೊಂಡು ಎರಡನೆಯ ಸಲಕ್ಕೆ ಪೋಣಿಸಿದೆ. ಸುತ್ತ ಕುಳಿತಿದ್ದ ಹೆಂಗಸರಲ್ಲಿ ಹಿರಿಯಳು ನನ್ನ ಕೈಯಿಂದ ಸೂಜಿ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು.

"ಕಣ್ಣು ಕಾಣತಾವು," ಎಂದಳು. "ಚಾಳೀಸು ಬರೇ ಡೌಲಿಗೆ ಹಾಕ್ಯಾಳ."

ಇದು ನಡೆದದ್ದು ಲಕ್ಷ್ಮೇಶ್ವರದ ಒಂದು ದೊಡ್ಡ ಮನೆಯಲ್ಲಿ. ನಾನು ಅಲ್ಲಿಗೆ ಹೋದದ್ದು ಮದುವೆಯ ಪದ್ಧತಿಗಳನ್ನು ಕೇಳಿ ಬರೆದುಕೊಳ್ಳಲು. 'ಹೆಣ್ಣು ನೋಡುವಾಗ ಏನೇನು ಪರೀಕ್ಷೆ ಮಾಡುತ್ತೀರಿ?' ಎಂಬುದು ನನ್ನ ಮೊದಲ ಪ್ರಶ್ನೆ. ಉತ್ತರವಾಗಿ ಸೂಜಿ ಬಂದಿತ್ತು.

ಆ ವರ್ಷ ಧಾರವಾಡದ ನಮ್ಮ ಕಾಲೇಜಿನಲ್ಲಿ ಹೊಸದೊಂದು ಏರ್ಪಾಡು ಮಾಡಿದ್ದರು. ಬೇಸಿಗೆಯ ರಜೆಯಲ್ಲಿ ಒಬ್ಬ ಪ್ರಾಧ್ಯಾಪಕರೂ ಒಬ್ಬ ವಿದ್ಯಾರ್ಥಿಯೂ ಕೂಡಿ ಒಂದು ವಿಷಯದ ಸಂಶೋಧನೆ ಮಾಡಬೇಕು. ಕೂಡಿ ಎಂದರೆ ಯಾರು ಏನು ಮಾಡಬೇಕು ಎಂಬುದನ್ನು ಸೂಚನೆಯ ಹಲಗೆಯ ಮೇಲೆ ಬರೆದಿರಲಿಲ್ಲ. ಇತಿಹಾಸ ಕಲಿಸುವ ಸರ್ ತಮ್ಮ ಜೊತೆಗೆ ನನ್ನನ್ನು ಆರಿಸಿಕೊಂಡರು. ನನ್ನ ಅಂಕಗಳನ್ನು ನೋಡಿ ಆರಿಸಿದರೆಂದು ನಾನು ಒಂದು ವಾರ ನಂಬಿದ್ದೆ. ಆಮೇಲೆ ಅವರೇ ಸಂಶಯ ಪರಿಹರಿಸಿದರು: "ಮನಿ ಒಳಗ ಹೋಗಿ ಹೆಣ್ಣುಮಕ್ಕಳನ್ನ ಮಾತಾಡಸಾಕ ಒಬ್ಬಾಕಿ ಬೇಕಲ್ಲ. ಹುಡುಗರನ್ನ ಕರಕೊಂಡ ಹೋದ್ರ ಬಾಗಿಲದಾಗ ನಿಲ್ಲಸ್ತಾರ."

ನನಗೆ ಈ ಸಂಶೋಧನೆ ಬೇಕಾಗಿತ್ತು. ಅದಕ್ಕೆ ಕಾರಣ ನನ್ನ ತಂದೆ. ಗದಗಿನ ಪೇಟೆಯಲ್ಲಿ ಹತ್ತಿಯ ದಲಾಲಿ ಅಂಗಡಿ ನಡೆಸುವ ಅಪ್ಪ ಆ ಬೇಸಿಗೆಯ ಮೊದಲೇ ಸ್ಪಷ್ಟವಾಗಿ ಹೇಳಿದ್ದರು: "ಬಿ.ಎ. ಕಡೀ ವರ್ಷಕ್ಕ ನಿನ್ನ ಕಳಸಬೇಕೋ ಬ್ಯಾಡೋ ನನಗ ತಿಳಿಯಾಂಗಿಲ್ಲ. ನಿಮ್ಮ ಸರ್ ಬಂದು ನನ್ನ ಮುಂದ ಕುಂತು, ಈ ಹುಡುಗಿ ಓದಬೇಕು ಅಂತ ಒಂದು ಮಾತು ಹೇಳ್ಲಿ. ಹೇಳಿದ್ರ ಜೂನ್‌ದಾಗ ಹೋಗು. ಇಲ್ಲಂದ್ರ ವರಾ ನೋಡೋದು." ಆ ಒಂದು ಮಾತಿಗಾಗಿ ನಾನು ಬಿಸಿಲಲ್ಲಿ ನಾಲ್ಕು ಊರು ತಿರುಗಲು ಒಪ್ಪಿದೆ.

ಸರ್ ಅವರ ವಿಷಯ ದೊಡ್ಡದು. ಆಗ ಎಲ್ಲ ಕಡೆಗೂ ಏಕೀಕರಣದ ಮಾತು. ಗದಗ, ಬೆಟಗೇರಿ, ಮುಂಡರಗಿ ಮೊದಲಿನಿಂದ ಮುಂಬಯಿ ಸರಕಾರದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜಿನದು. ಸಂಸ್ಥಾನಗಳು ಹೋಗಿ ಕೆಲವು ವರ್ಷವಾಗಿತ್ತು. ಸರಕಾರ ಬೇರೆಯಾಗಿದ್ದರೂ ಜನ ಒಂದೇ, ಅವರ ಮದುವೆಗಳ ಪದ್ಧತಿಯೂ ಒಂದೇ ಎಂದು ಸರ್ ಸಾಧಿಸಿ ತೋರಿಸುವವರಿದ್ದರು. ನಿಬಂಧದ ಕೊನೆಯ ಭಾಗವನ್ನು ಮಾರ್ಚಿನಲ್ಲಿಯೇ ಬರೆದು ಮುಗಿಸಿದ್ದರು. ಮೊದಲ ಭಾಗಕ್ಕೆ ಬೇಕಾದ ಸಂಗತಿಗಳನ್ನು ಮೇ ತಿಂಗಳಲ್ಲಿ ಕೂಡಿಸುವುದಿತ್ತು.

ಕೂಡಿಸುವ ಕ್ರಮ ಹೀಗೆ. ಅಪ್ಪನ ವ್ಯಾಪಾರದ ಪರಿಚಯದವರ ಮನೆಗೆ ಹೋಗುವುದು. ಸರ್ ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಗಂಡಸರೊಂದಿಗೆ ಕುಳಿತು ನಾಡಿನ ಭವಿಷ್ಯದ ಬಗ್ಗೆ ಮಾತನಾಡುವುದು. ನಾನು ಒಳಗೆ ಹೋಗಿ ಸಂಶೋಧನೆ ಮಾಡುವುದು. ಪ್ರಾಯದ ಹುಡುಗಿ ಪರಗಂಡಸಿನೊಂದಿಗೆ ಒಬ್ಬಳೇ ತಿರುಗಬಾರದೆಂದು ಅಪ್ಪನ ಅಕ್ಕನನ್ನು, ಅಂದರೆ ನನ್ನ ಅತ್ತೆಯನ್ನು, ಜೊತೆಗೆ ಕಳಿಸಿದ್ದರು. ಅತ್ತೆಗೆ ಸಂಶೋಧನೆ ಮೊದಲ ದಿನದಿಂದಲೇ ಹಿಡಿಸಿತು. ಕರೆಯದೆ ಹೋದರೂ ಎಲ್ಲೆಡೆ ಚಹಾ ಕೊಡುತ್ತಿದ್ದರು.

ಬೆಟಗೇರಿಯಲ್ಲಿ ತೊಂದರೆಯಾಗಲಿಲ್ಲ. ನೇಕಾರರ ಮನೆಯ ಹೆಂಗಸರು ಕಂಡಿಕೆ ಸುತ್ತುತ್ತಲೇ ಉತ್ತರ ಹೇಳಿದರು. ಮಗ್ಗದ ಸಪ್ಪಳದಲ್ಲಿ ಅರ್ಧ ಕೇಳಿಸಲಿಲ್ಲ, ಉಳಿದರ್ಧ ಬರೆದುಕೊಂಡೆ. ಅವರಿಗೆ ಕೆಲಸವಿತ್ತು, ನಾನು ಯಾಕೆ ಬಂದೆನೆಂದು ಯೋಚಿಸುವಷ್ಟು ಪುರುಸೊತ್ತು ಇರಲಿಲ್ಲ. ಪುರುಸೊತ್ತು ಇದ್ದದ್ದು ಲಕ್ಷ್ಮೇಶ್ವರದಲ್ಲಿ. ಹತ್ತಿ ದಲಾಲರ ಮಗಳು, ಮೈತುಂಬ ಸೆರಗು ಹೊದ್ದು, ಒಬ್ಬ ಹಿರಿಯರನ್ನೂ ಒಬ್ಬ ಅತ್ತೆಯನ್ನೂ ಕರೆದುಕೊಂಡು, ಮದುವೆಗೆ ಬಂದ ಗಂಡುಮಗನಿರುವ ಮನೆಗೆ ಬಂದು, ನಿಮ್ಮಲ್ಲಿ ಹೆಣ್ಣು ಹೇಗೆ ನೋಡುತ್ತೀರಿ ಎಂದು ಕೇಳುತ್ತಾಳೆ. ನಮ್ಮ ಕಡೆಗೆ ಹುಡುಗಿಯನ್ನು ಗಂಡಿನ ಮನೆಗೇ ಕರೆದೊಯ್ದು ತೋರಿಸುವ ವಾಡಿಕೆಯೂ ಇದೆ. ಆ ಹೆಂಗಸರು ಮತ್ತೇನು ತಿಳಿದುಕೊಳ್ಳಬೇಕಿತ್ತು?

ಸೂಜಿಯ ನಂತರ ನನ್ನನ್ನು ಹಿತ್ತಲ ಬಾಗಿಲತನಕ ನಡೆಸಿದರು. ಜಡೆ ಎಳೆದು ನೋಡಿದರು. "ಚವರಿ ಅಲ್ಲ, ಸ್ವಂತದ್ದು," ಎಂದು ಒಬ್ಬಳು ಒಳಗಿದ್ದವರಿಗೆ ಕೂಗಿ ಹೇಳಿದಳು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದಳು.

ಹೊರಗೆ ಬಂದಮೇಲೆ ಅವಳನ್ನು ಕೇಳಿದೆ: "ನೀ ಯಾಕ ಹೇಳ್ಲಿಲ್ಲ ಅತ್ತಿ, ಹೆಣ್ಣು ತೋರಸಾಕ ಬಂದಿಲ್ಲ ಅಂತ?"

"ಯಾಕ ಹೇಳ್ಲೆವ್ವಾ? ಹುಡುಗಗ ಮೂವತ್ತು ಕೂರಿಗಿ ಎರಿಹೊಲ ಐತಂತ."

ಸರ್ ಅವರಿಗೂ ಹೇಳಿದೆ. ಅವರು ಇದನ್ನು ಸರಿಪಡಿಸುತ್ತಾರೆಂದುಕೊಂಡಿದ್ದೆ. ಅವರು ನಡೆಯುವುದನ್ನು ನಿಲ್ಲಿಸಿ ನನ್ನತ್ತ ತಿರುಗಿದಾಗ ಮುಖದಲ್ಲಿ ಬೆಳಕೇ ಬಂದಿತ್ತು.

"ಅಂದ್ರ ಅವರು ಪರೀಕ್ಷಾ ಮಾಡೋದನ್ನ ನೀ ಖುದ್ದ ಕಂಡಿ! ಬಾಯಿಲೆ ಕೇಳಿದ್ರ ಇಷ್ಟು ಸಿಗತಿತ್ತೇನು? ಇನ್ನ ಮುಂದ ಯಾರಿಗೂ ಏನೂ ಹೇಳಬ್ಯಾಡ. ತಿಳಕೊಂಡ್ರ ತಿಳಕೊಳ್ಳಿ. ಇದು ಹೊಸಾ ವಿಧಾನ."

ಹೊಸ ವಿಧಾನದ ಮೂಲಕ ಮುಂಡರಗಿಯಲ್ಲಿ ನಾನು ಶಾವಿಗೆ ಹೊಸೆದೆ, ಒಂದು ಆರತಿಯ ಹಾಡು ಹೇಳಿದೆ, ಹಲ್ಲು ತೋರಿಸಿದೆ. ಅಲ್ಲಿ ಸರ್ ಪಡಸಾಲೆಯಲ್ಲಿ ತಾವಾಗಿಯೇ "ನಮ್ಮ ಹುಡುಗೀರಿ" ಎಂದು ಪರಿಚಯ ಮಾಡಿಕೊಟ್ಟರು. ಶಾವಿಗೆ ದಪ್ಪವಾದವು ಎಂದು ಒಳಗಿನವರು ಗೊಣಗಿದರು. ಅದನ್ನೂ ಬರೆದುಕೊಂಡೆ. ಅದೇ ಮನೆಯ ಮುದುಕಿಯೊಬ್ಬಳು ಒಂದು ಒಳ್ಳೆಯ ಸಂಗತಿ ಹೇಳಿದಳು: ಮಾತು ಗಟ್ಟಿಯಾಗುವತನಕ ಹೆಣ್ಣಿನ ಕಡೆಯ ಹಿರಿಯರು ಗಂಡಿನ ಮನೆಯಲ್ಲಿ ಸಿಹಿ ಮುಟ್ಟುವುದಿಲ್ಲ. ಚುರುಮುರಿ ನಡೆಯುತ್ತದೆ, ಅವಲಕ್ಕಿ ನಡೆಯುತ್ತದೆ, ಚಹಾ ಸಿಹಿಯ ಲೆಕ್ಕದಲ್ಲಿಲ್ಲ. ಆದರೆ ಸಿಹಿ ಬಡಿಸಿದಾಗ ಹಿರಿಯರು ಉಂಡರೆ ಸಂಬಂಧ ಒಪ್ಪಿದಂತೆ; ಆಮೇಲೆ ಬಾಯಿಮಾತು ಬೇಕಿಲ್ಲ.

ಶಿರಹಟ್ಟಿಗೆ ಹೋಗುವ ಮೋಟಾರಿನಲ್ಲಿ ಸರ್ ಈ ಭಾಗವನ್ನು ಗಟ್ಟಿಯಾಗಿ ಓದಿ, ಕೆಂಪು ಪೆನ್ಸಿಲ್ಲಿನಿಂದ ಅಡಿಗೆರೆ ಎಳೆದು, "ಭಾಳ ಮಹತ್ವದ್ದು," ಎಂದರು.

ಶಿರಹಟ್ಟಿಯ ಮನೆಯಲ್ಲಿ ನನ್ನನ್ನು ಬೇಗನೆ ಬಿಟ್ಟರು. ನಡೆ ಎಂದರು, ನಡೆದೆ. ಮನೆಯ ಯಜಮಾನಿ ನನ್ನ ಗದ್ದವನ್ನು ಹಿಡಿದು ನೋಡಿ, "ಮಾತು ಕಡಿಮಿ. ಚಲೋ ಆತು," ಎಂದಳು. ಹುಡುಗ ಹೊಲಕ್ಕೆ ಹೋಗಿದ್ದನಂತೆ. ಅವನನ್ನು ನಾನು ಈವರೆಗೂ ನೋಡಿಲ್ಲ. ನಂತರ ಊಟಕ್ಕೆ ಏಳಬೇಕೆಂದರು. ಗಂಡಸರ ಸಾಲಿನಲ್ಲಿ ಸರ್ ಅವರಿಗೆ ನಡುವಿನ ಮಣೆ. ನಾನೂ ಅತ್ತೆಯೂ ಅಡಿಗೆಮನೆಯ ಬಾಗಿಲ ಹಿಂದೆ ಇದ್ದೆವು. ರೊಟ್ಟಿ, ಎಣಗಾಯಿಪಲ್ಯ, ಹಿಂಡಿ ಎಲ್ಲ ಬಡಿಸಿ ಆದಮೇಲೆ ಯಜಮಾನಿ ಒಂದು ಹಿತ್ತಾಳೆಯ ಪಾತ್ರೆ ಎತ್ತಿಕೊಂಡು ಹೊರಗೆ ಹೋದಳು. ಮಾವಿನಹಣ್ಣಿನ ಶೀಕರಣಿ. ಏಲಕ್ಕಿಯ ವಾಸನೆ ನಮ್ಮತನಕ ಬಂತು.

"ಹಾಕ್ಲ್ಯಾರಿ?" ಎಂದು ಕೇಳಿ ಅವಳು ಸೌಟು ಹಿಡಿದು ನಿಂತಳು. ಮಾತನಾಡುತ್ತಿದ್ದ ಗಂಡಸರೆಲ್ಲ ಸುಮ್ಮನಾಗಿ ಸರ್ ಅವರ ಎಲೆ ನೋಡಿದರು. ಸರ್ ಆಗ ಭಾಷಾವಾರು ಪ್ರಾಂತಗಳ ಬಗ್ಗೆ ಹೇಳುತ್ತಿದ್ದರು. ಹೇಳುತ್ತಲೇ ಬಟ್ಟಲನ್ನು ಮುಂದೆ ಸರಿಸಿದರು.

ನಾನು ಕೆಮ್ಮಿದೆ. ಮತ್ತೊಮ್ಮೆ ಜೋರಾಗಿ ಕೆಮ್ಮಿದೆ. ಸರ್ ಬಟ್ಟಲು ಬರಿದು ಮಾಡಿ, "ಆಪೂಸ ಏನ್ರಿ?" ಎಂದು ಕೇಳಿದರು. ಆಪೂಸು ಅಲ್ಲ, ತಮ್ಮ ತೋಟದ್ದೇ ಎಂದು ಯಜಮಾನರು ಹೇಳಿದರು. ಹಾಗಾದರೆ ಇನ್ನಷ್ಟು ನೋಡಬೇಕಾಯಿತು ಎಂದು ಎರಡನೆಯ ಸಲ ಹಾಕಿಸಿಕೊಂಡರು. ಮೂರನೆಯ ಸಲ ಅವರು ಕೇಳಲಿಲ್ಲ, ಯಜಮಾನಿಯೇ ನಗುನಗುತ್ತ ಸುರಿದಳು. ಸರ್ ಬೇಡವೆನ್ನಲಿಲ್ಲ.

ಅತ್ತೆ ನನ್ನ ತೋಳು ಚಿವುಟಿದಳು. "ನಿನ್ನ ಲಗ್ನಾ ಉಂಡ್ರು ನೋಡ," ಎಂದಳು.

ತಿರುಗಿ ಬರುವಾಗ ಮೋಟಾರಿನಲ್ಲಿ ಸರ್ ಅವರಿಗೆ ಕೆಂಪು ಗೆರೆಯನ್ನು ನೆನಪು ಮಾಡಿಕೊಟ್ಟೆ. "ಛೇ, ಅದು ಮುಂಡರಗಿ ಪದ್ಧತಿ," ಎಂದರು. "ಶಿರಹಟ್ಟಿಗೆ ಅದು ಹೊಂದಾಂಗಿಲ್ಲ. ಇಲ್ಲಿ ರೀತಿನ ಬ್ಯಾರೆ." ನಾಲ್ಕು ಊರುಗಳ ರೀತಿ ಒಂದೇ ಎಂಬ ನಿಬಂಧದ ಕೊನೆಯ ಭಾಗ ಅವರ ಚೀಲದಲ್ಲಿಯೇ ಇತ್ತು.

ಶಿರಹಟ್ಟಿಯವರಿಗೆ ಈ ಭೇದ ತಿಳಿದಿರಲಿಲ್ಲ. ಒಂದು ವಾರದೊಳಗೆ ಯಜಮಾನ, ಯಜಮಾನಿ, ಇನ್ನಿಬ್ಬರು ಹಿರಿಯರು ಸಕ್ಕರೆ, ತೆಂಗಿನಕಾಯಿ ಹಿಡಿದುಕೊಂಡು ಗದಗಿನ ನಮ್ಮ ಮನೆಗೆ ಬಂದರು. ಸರ್ ಅಂದು ನಮ್ಮಲ್ಲಿಯೇ ಇದ್ದರು. ನಾನು ಶುದ್ಧ ಪ್ರತಿ ಮಾಡಿಟ್ಟ ಹಾಳೆಗಳನ್ನು ಒಯ್ಯಲು ಬಂದಿದ್ದರು. ಅಪ್ಪನಿಗೆ ಮೊದಲು ಗಾಬರಿ, ಆಮೇಲೆ ಖುಷಿ. ಇಂಥ ಮನೆತನದವರು ತಾವಾಗಿ ಬಾಗಿಲಿಗೆ ಬರುವುದೆಂದರೆ ಸಣ್ಣ ಮಾತಲ್ಲ. ಆದರೂ ಅಪ್ಪ ಕೊಟ್ಟ ಮಾತಿಗೆ ತಪ್ಪುವವರಲ್ಲ. ಎಲ್ಲರ ಎದುರಿಗೆ ಸರ್ ಕಡೆಗೆ ತಿರುಗಿ ಕೇಳಿದರು:

"ಮೊದಲ ನೀವೊಂದು ಹೇಳ್ರಿ ಸರ್. ಈ ಹುಡುಗಿ ಇನ್ನೊಂದು ವರ್ಷ ಓದಬೇಕೋ, ಬ್ಯಾಡೋ? ನಿಮ್ಮ ಮಾತಿನ ಮ್ಯಾಲೆ ನಾ ಇದ್ದೀನಿ."

ನಾನು ಬಾಗಿಲಲ್ಲಿ ನಿಂತಿದ್ದೆ. ಒಂದೇ ಒಂದು ಮಾತು ಬೇಕಾಗಿತ್ತು. ಓದಬೇಕು ಎಂದರೆ, ಹಾಗಾದರೆ ನಮ್ಮ ಮನೆಯಲ್ಲಿ ಉಂಡದ್ದೇಕೆ ಎಂದು ಶಿರಹಟ್ಟಿಯವರು ಕೇಳುತ್ತಾರೆ. ಅದು ಸರ್ ಅವರಿಗೂ ಹೊಳೆದಿರಬೇಕು. ಅವರು ಗಂಟಲು ಸರಿಪಡಿಸಿಕೊಂಡರು.

"ಹುಡುಗಿ ಜಾಣಿ ಅದಾಳ, ಅದರಾಗ ಎರಡ ಮಾತಿಲ್ಲ. ಆದ್ರ ನೋಡ್ರಿ, ಗದಗ ಮುಂಬಯಿ ಸರಕಾರದ್ದು, ಶಿರಹಟ್ಟಿ ಸಾಂಗ್ಲಿಯವರದಿತ್ತು. ಎರಡೂ ಕೂಡಾಕ ಹತ್ಯಾವು. ನಾವು ಭಾಷಣದಾಗ ಹೇಳೋ ಏಕೀಕರಣ ನಿಮ್ಮ ಪಡಸಾಲ್ಯಾಗ ಆಗಾಕ ಹತ್ತೇತಿ!"

ಗಂಡಸರೆಲ್ಲ ತಲೆದೂಗಿ ನಕ್ಕರು. ಸರ್ ಕೂಡ ನಕ್ಕರು. ಕಷ್ಟದ ಒಂದು ಪ್ರಶ್ನೆಯನ್ನು ಬಿಟ್ಟು ಬೇರೊಂದು ಪ್ರಶ್ನೆಗೆ ಚೆನ್ನಾಗಿ ಉತ್ತರ ಬರೆದ ವಿದ್ಯಾರ್ಥಿಯ ಸಮಾಧಾನ ಅವರ ಮುಖದಲ್ಲಿತ್ತು. ಯಜಮಾನಿ ಸಕ್ಕರೆಯ ಪೊಟ್ಟಣ ಬಿಚ್ಚಲು ಕೈ ಹಾಕಿದಳು.

ನಾನು ಒಳಗೆ ಬಂದು ಅವಳ ಎದುರು ಕುಳಿತೆ. "ಅಮ್ಮಾರ, ಅದನ್ನ ಬಿಚ್ಚಬ್ಯಾಡ್ರಿ," ಎಂದೆ. "ನಾ ನಿಮ್ಮ ಮನಿಗೆ ಹೆಣ್ಣು ತೋರಸಾಕ ಬಂದಿರಲಿಲ್ರಿ. ಸರ್ ಲಗ್ನದ ಪದ್ಧತಿ ಬರಿಯಾಕ ಹತ್ಯಾರ. ಅದನ್ನ ನೋಡಿ ಬರಕೊಂಡ ಬಾ ಅಂತ ಕಳಿಸಿದ್ರು."

ಅವಳ ಕೈ ಪೊಟ್ಟಣದ ಮೇಲೆಯೇ ನಿಂತಿತು. "ಮತ್ತ ನಡಿ ಅಂದಾಗ ನಡದೆಲ್ಲ?"

"ನಡಿ ಅಂದ್ರಿ, ನಡದೆ. ಹೇಳಬ್ಯಾಡ ಅಂತ ಸರ್ ಹೇಳಿದ್ರು."

ಅವಳು ನನ್ನನ್ನು ಬಿಟ್ಟು ಸರ್ ಅವರನ್ನು ನೋಡಿದಳು. "ಏನ್ರಿ ಸಾಹೇಬ್ರ, ಹುಡುಗಿ ಹೇಳೋದು ಖರೆ?" ಸರ್ ಹಾಳೆಗಳ ಅಂಚು ಸರಿಮಾಡತೊಡಗಿದರು. "ಹಂಗಾರ ಶೀಕರಣಿ ಮೂರು ಸಲ ಯಾಕ ಹಾಕಿಸಿಕೊಂಡ್ರಿ?"

ಸರ್ ಅವರು ಇತಿಹಾಸದ ಯಾವ ಪ್ರಶ್ನೆಗೂ ತಡವರಿಸಿದ್ದನ್ನು ನಾನು ಕಂಡಿರಲಿಲ್ಲ. "ಅದು... ಹಣ್ಣು ಚಲೋ ಇದ್ದೂರಿ," ಎಂದರು.

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಎದ್ದುಹೋದಳು. ಯಜಮಾನಿ ಸಕ್ಕರೆಯನ್ನೂ ಕಾಯಿಗಳನ್ನೂ ಎಣಿಸದೆ ಚೀಲಕ್ಕೆ ತುಂಬಿದಳು. ಬಾಗಿಲಲ್ಲಿ ನಿಂತು ನನಗೆ ಹೇಳಿದಳು: "ಮಾತು ಕಡಿಮಿ ಅಂದಿದ್ದೆ. ತಪ್ಪಿದೆ." ಬೈಗುಳವೋ ಅಲ್ಲವೋ ತಿಳಿಯಲಿಲ್ಲ. ಸರ್ ಸಂಜೆಯ ರೈಲಿಗೆ ಬಹಳ ಹೊತ್ತಿದೆ ಎನ್ನುವಾಗಲೇ ಎದ್ದು ಸ್ಟೇಶನ್ನಿಗೆ ಹೊರಟರು. ಅವಮಾನದ ನಡುವೆಯೂ ಹಾಳೆಗಳನ್ನು ಮರೆಯಲಿಲ್ಲ. ನಿಬಂಧ ಮುಂದೆ ಅಚ್ಚಾಯಿತು. ಅದರಲ್ಲಿ ಸಿಹಿಯ ಪದ್ಧತಿ ನಾಲ್ಕೂ ಊರುಗಳಿಗೆ ಸಮಾನ ಎಂದಿದೆ. ನನ್ನನ್ನು 'ಸ್ಥಳೀಯ ನೆರವು' ಎಂದು ಕರೆದಿದ್ದಾರೆ.

ಅಪ್ಪ ಆ ದಿನ ಅಂಗಡಿಗೂ ಹೋಗಲಿಲ್ಲ, ನನ್ನನ್ನು ಮಾತನಾಡಿಸಲೂ ಇಲ್ಲ. ಪಡಸಾಲೆಯಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಲಕ್ಷ್ಮೇಶ್ವರದ ಗಿರಾಕಿಯೊಬ್ಬ ಬಂದು, "ಏನ್ರಿ, ಶಿರಹಟ್ಟಿಯವರು ಸಕ್ಕರಿ ತಿರುಗಿ ಒಯ್ದರಂತ?" ಎಂದು ವಿಚಾರಿಸಿ ಹೋದ. ಹಳೆಯ ಮೂರು ಸರಕಾರಗಳ ಗಡಿ ದಾಟಿ ಒಂದು ಖಬರು ಅಷ್ಟು ಜಲ್ದಿ ಓಡಾಡಿದ್ದನ್ನು ಕಂಡಿದ್ದರೆ ಸರ್ ಹಿಗ್ಗುತ್ತಿದ್ದರು. ಜನ ಒಂದೇ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಆಧಾರ ನನ್ನ ಹಾಳೆಗಳಲ್ಲಿ ಇರಲಿಲ್ಲ.

ಅವನು ಹೋದಮೇಲೆ ಅಪ್ಪ ನನ್ನನ್ನು ಕರೆದರು.

"ಲಕ್ಷ್ಮೇಶ್ವರಕ್ಕ ಗೊತ್ತಾತು ಅಂದ್ರ ಮುಂಡರಗಿಗೂ ಆತು. ಇನ್ನ ಒಂದು ವರ್ಷ ಈ ಕಡೆಯವರು ಯಾರೂ ನಮ್ಮ ಬಾಗಲಾ ಹಾಯಾಂಗಿಲ್ಲ."

"ಹೌದ್ರಿ ಅಪ್ಪಾ."

"ಅಲ್ಲೀಮಟ ಮನ್ಯಾಗ ಕುಂತ ಏನ್ ಮಾಡ್ತಿ? ದಪ್ಪ ಶಾವಿಗಿ ಹೊಸಿತೀ?"

ಶಾವಿಗೆಯ ಸಂಗತಿಯನ್ನು ಅತ್ತೆ ಯಾವಾಗ ಹೇಳಿದ್ದಳೋ.

"ಹೋಗು. ಕಾಲೇಜಿಗೆ ಹೋಗು," ಎಂದು ಅಪ್ಪ ಅಡಕೊತ್ತು ಕೆಳಗಿಟ್ಟರು. "ಆದ್ರ ಆ ಮನಷ್ಯಾನ ಹಂತೇಕ ಅಲ್ಲ."

ನಾನು ಓದಬೇಕೆಂದು ಯಾರೂ ಹೇಳಲಿಲ್ಲ. ಇನ್ನೇನಕ್ಕೂ ಬರುವವಳಲ್ಲ ಎಂದು ನಾಲ್ಕು ಊರು ಒಪ್ಪಿದ್ದರಿಂದ ನನಗೆ ಕೊನೆಯ ವರ್ಷ ಸಿಕ್ಕಿತು.

ಮರುದಿನ ಬೆಳಿಗ್ಗೆ, ಅಪ್ಪನ ಮನಸ್ಸು ತಿರುಗುವ ಮೊದಲೇ, ಅವರು ಸ್ನಾನಕ್ಕೆ ಹೋಗಿದ್ದಾಗ, ಅತ್ತೆಯನ್ನು ಎಬ್ಬಿಸಿ ಸೀರೆ ಬದಲಿಸಲು ಹೇಳಿ, ಟಾಂಗಾ ಕರೆಸಿದೆ. ಮೊದಲ ರೈಲಿಗೆ ಧಾರವಾಡಕ್ಕೆ ಹೋಗಿ, ಹಾಸ್ಟೆಲಿನಲ್ಲಿ ನನ್ನ ಕೋಣೆ ಹಿಡಿದಿಟ್ಟು, ಕಾಲೇಜಿನ ಆಫೀಸಿನಲ್ಲಿ ಇತಿಹಾಸ ಬಿಟ್ಟು ಅರ್ಥಶಾಸ್ತ್ರ ತೆಗೆದುಕೊಳ್ಳುತ್ತೇನೆ ಎಂದು ಬರೆದುಕೊಟ್ಟೆ.